ನಲವತ್ತಾರು ತಲೆ, ಸರಿ ಇದೆ

ಶಾಮಣ್ಣನವರನ್ನು ಹೊನ್ನಬೆಂಗ್ರೆಯ ಕಡಲ ದಂಡೆಯಲ್ಲಿ ಬಿಟ್ಟು ಬಂದವರು ಯಾರು ಎಂದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇವತ್ತಿಗೂ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಡ್ರೈವರ್ ಮರೆತ ಎಂದು ಕೆಲವರು ಹೇಳುತ್ತಾರೆ. ಶಾಮಣ್ಣನವರೇ ಎಳನೀರು ಕುಡಿಯುತ್ತ ತಡಮಾಡಿದರು ಎನ್ನುತ್ತಾರೆ ಇನ್ನು ಕೆಲವರು. ಎರಡೂ ಸುಳ್ಳು, ಬಸ್ಸಿನಲ್ಲಿದ್ದವರು ನಿಜ ಹೇಳುವುದಿಲ್ಲ. ಬಿಟ್ಟು ಬಂದವಳು ಅಡುಗೆಯ ಶಿವವ್ವ. ಬೇಕೆಂದೇ ಬಿಟ್ಟಳು. ಆರು ವರ್ಷ ಕಾದು ಬಿಟ್ಟಳು. ನಾನು ಅದನ್ನು ಕಣ್ಣಾರೆ ನೋಡಿದೆ, ನೋಡಿಯೂ ಬಾಯಿ ಮುಚ್ಚಿಕೊಂಡು ಕೂತೆ, ಅದಕ್ಕೆ ನನಗೆ ಒಂದಿಷ್ಟೂ ಬೇಜಾರಿಲ್ಲ. ನನಗೆ ಬೇಜಾರಿರುವುದು ಅದಕ್ಕೆ ಆರು ವರ್ಷ ಮುಂಚೆ ಬಾಯಿ ಮುಚ್ಚಿಕೊಂಡಿದ್ದಕ್ಕೆ.

ನಾನು ಕಾತ್ಯಾಯಿನಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ಸೂಪರ್‌ವೈಸರ್ ಆಗಿ ನಿವೃತ್ತಳಾದವಳು. ನನ್ನ ಕೋಪ ನಮ್ಮ ಬೀದಿಗೆಲ್ಲ ಗೊತ್ತು. ಹಾಲಿನವನು ನೀರು ಬೆರೆಸಿದರೆ ಬೈಯುತ್ತೇನೆ, ಪಕ್ಕದ ಮನೆಯವರು ನಮ್ಮ ಗೇಟಿನೆದುರು ಕಾರು ನಿಲ್ಲಿಸಿದರೆ ಅದಕ್ಕೂ ಬೈಯುತ್ತೇನೆ. ನಮ್ಮ ಮನೆಯವರು, ಸೇತುರಾಮ, ಪಾಪ, ಹುಟ್ಟಿದಾಗಿನಿಂದ ಯಾರಿಗೂ ಒಂದು ಮಾತು ಅಂದವರಲ್ಲ. "ಸುಮ್ನಿರೇ, ಯಾಕೆ ಬೇಕು ನಮಗೆ" ಎನ್ನುವುದೇ ಅವರ ಜಪ.

ಶಾಮಣ್ಣನವರದು ಫ್ಯಾಮಿಲಿ ಟೂರು. ತೊಂಬತ್ತರ ದಶಕದಲ್ಲಿ ದಸರಾ ರಜೆ ಬಂತೆಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಿಗೆಲ್ಲ ಅವರ ಹಳದಿ ಪಾಂಪ್ಲೆಟು ಬರುತ್ತಿತ್ತು. "ಮಕ್ಕಳಿಗೂ ಹಿರಿಯರಿಗೂ ಸುರಕ್ಷಿತವಾದ ಮೂರು ಬೀಚುಗಳು. ಮನೆ ಊಟ. ನಮ್ಮ ಟೂರು, ನಮ್ಮ ಫ್ಯಾಮಿಲಿ." ಹೊನ್ನಬೆಂಗ್ರೆ ಎಂದರೆ ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಡಲು, ನಡುವೆ ನಾಲಿಗೆ ಚಾಚಿದಂತೆ ಮೂರು ಮೈಲಿ ನೆಲ. ಬುಡದಲ್ಲಿರುವ ಬೀಚಿನಲ್ಲಿ ನೀರು ಮೊಣಕಾಲಿಗಿಂತ ಮೇಲೆ ಬರುವುದಿಲ್ಲ, ಅಲ್ಲಿ ಮಕ್ಕಳನ್ನು ಬಿಟ್ಟು ಅಮ್ಮಂದಿರು ಹರಟೆ ಹೊಡೆಯಬಹುದು. ನಡುವಿನದು ಗಾಳಿಮರಗಳ ತೋಪಿನ ಬೀಚು, ಚಾಪೆ ಹಾಸಿ ಮಲಗುವವರಿಗೆ. ತುದಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ಅಲ್ಲಿ ನೀರಿಗಿಳಿಯುವಂತಿಲ್ಲ, ಆದರೆ ಎರಡು ಬಣ್ಣದ ನೀರು ಒಂದಕ್ಕೊಂದು ತಾಗುವುದನ್ನು ನೋಡುತ್ತ ಎಷ್ಟು ಹೊತ್ತಾದರೂ ಕೂರಬಹುದು. ಚೆಂದದ ಜಾಗ. ಜಾಗದ ತಪ್ಪೇನೂ ಇಲ್ಲ.

ಶಿವವ್ವ ಗದಗದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಎರಡು ವರ್ಷದ ಮಗಳು ಉಮಾಶ್ರೀಯನ್ನು ಎತ್ತಿಕೊಂಡು ಬಂದು ಬಿ.ಟಿ.ಎಂ. ಲೇಔಟಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ಶಾಮಣ್ಣನವರ ಟೂರಿಗೆ ಮೊದಲು ಬಂದದ್ದು ತರಕಾರಿ ಹೆಚ್ಚುವುದಕ್ಕೆ. ಅಡುಗೆ ಭಟ್ಟರಿಗೆ ದಾರಿಯಲ್ಲಿ ಜ್ವರ ಬಂದು ಮಲಗಿದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಒಲೆ ಹಚ್ಚಿದಳು. ಅವತ್ತಿನ ಬಿಸಿಬೇಳೆ ಬಾತು, ಶೇಂಗಾ ಚಟ್ನಿ ತಿಂದವರು ಭಟ್ಟರನ್ನು ಮತ್ತೆ ಕೇಳಲಿಲ್ಲ. ಮುಂದಿನ ವರ್ಷದಿಂದ ಅವಳೇ ಅಡುಗೆಯವಳು. ನಾವೆಲ್ಲ ಕಡಲಿನಲ್ಲಿ ಆಡಿ ಹಸಿದು ಬರುವ ಹೊತ್ತಿಗೆ ಅನ್ನ ಬಿಸಿಯಾಗಿರಬೇಕಲ್ಲ, ಹಾಗಾಗಿ ಏಳೆಂಟು ಸಲ ಕಡಲಿಗೆ ಬಂದರೂ ಅವಳು ನೀರಿಗೆ ಕಾಲಿಟ್ಟವಳಲ್ಲ.

ಇನ್ನು ಎಣಿಕೆಯ ವಿಷಯ ಹೇಳಬೇಕು. ಬಸ್ಸು ಎಲ್ಲಿ ನಿಂತರೂ, ಹೊರಡುವ ಮುಂಚೆ ಶಾಮಣ್ಣನವರು ಮುಂದಿನ ಬಾಗಿಲಿನಿಂದ ಹತ್ತಿ, ಒಬ್ಬೊಬ್ಬರ ತಲೆಯ ಮೇಲೂ ಬೆರಳು ಆಡಿಸುತ್ತ ಎಣಿಸಿಕೊಂಡು ಬರುತ್ತಿದ್ದರು. ಅವರದೊಂದನ್ನು ಬಿಟ್ಟು ಸೀಟು ನಲವತ್ತಾರು. "ನಲವತ್ತಾರು ತಲೆ, ಸರಿ ಇದೆ" ಎಂದು ಹಿಂದಿನ ಬಾಗಿಲಿನಿಂದ ಇಳಿದು, ಪಾತ್ರೆಗಳೆಲ್ಲ ಬಂದವೇ ನೋಡಿ, ಬಸ್ಸಿನ ತಗಡಿಗೆ ಎರಡು ಸಲ ಡಬ್ ಡಬ್ ಎಂದು ಬಡಿದು ಹಿಂದಿನಿಂದಲೇ ಹತ್ತಿಕೊಳ್ಳುತ್ತಿದ್ದರು. ಎರಡು ಬಡಿತ ಕೇಳಿದರೆ ಡ್ರೈವರ್ ಮುತ್ತುರಾಜ ಗೇರ್ ಹಾಕುತ್ತಿದ್ದ. ಪಾತ್ರೆಗಳ ನಡುವೆ ಹಿಂದುಗಡೆ ಚೀಲದ ಮೇಲೆ ಕೂರುತ್ತಿದ್ದ ಶಿವವ್ವನ ತಲೆ ಆ ನಲವತ್ತಾರರಲ್ಲಿ ಇರಲಿಲ್ಲ. ಅಡುಗೆಯವರನ್ನು ಯಾರು ಎಣಿಸುತ್ತಾರೆ? ಕೊಳಗ ಎಣಿಸುತ್ತಿದ್ದರು, ಸ್ಟವ್ ಎಣಿಸುತ್ತಿದ್ದರು.

ತೊಂಬತ್ತೇಳರ ದಸರಾದಲ್ಲಿ ಶಿವವ್ವ ಮಗಳನ್ನೂ ಕರೆದುಕೊಂಡು ಬಂದಳು. ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಶಾಮಣ್ಣನವರು ಒಪ್ಪಿದ್ದರು. ಉಮಾಶ್ರೀಗೆ ಎಂಟು ವರ್ಷ. ಎರಡು ಜಡೆ, ಅಳತೆಗಿಂತ ದೊಡ್ಡದಾದ ಹಸಿರು ಫ್ರಾಕು. ಬೆಳಗಿನಿಂದ ಕಪ್ಪೆಚಿಪ್ಪು ಆರಿಸಿಕೊಂಡು ಒಂದು ಸ್ಟೀಲ್ ಲೋಟಕ್ಕೆ ತುಂಬುತ್ತಿದ್ದಳು. ನನಗೂ ಒಂದು ಕೊಟ್ಟು, "ಅಜ್ಜೀ, ಇದರಾಗ ಸಮುದ್ರ ಕೇಳಸ್ತದ" ಎಂದಳು. ಐವತ್ತೆರಡಕ್ಕೇ ಅಜ್ಜಿ ಅನ್ನಿಸಿಕೊಂಡೆನಲ್ಲ ಎಂದು ನನಗೆ ಸ್ವಲ್ಪ ಉರಿಯಿತು ಕೂಡ.

ಮಧ್ಯಾಹ್ನ ಮೂರಕ್ಕೆ ಅಳಿವೆಯ ತುದಿಯಿಂದ ಹೊರಟೆವು. ಇಪ್ಪತ್ತು ಕಿಲೋಮೀಟರ್ ದೂರದ ದೇವಸ್ಥಾನದ ಊರಿನಲ್ಲಿ ನಮ್ಮ ಛತ್ರ, ಅಲ್ಲಿ ಸೂರ್ಯಾಸ್ತ ನೋಡಲು ಐದು ಗಂಟೆಗೆ ಬೋಟು ಗೊತ್ತುಮಾಡಿದ್ದರು. ಎಣಿಕೆ ಆಯಿತು, ಬಡಿತ ಆಯಿತು, ಬಸ್ಸು ಹೊರಟಿತು. ಮಗಳು ಮುಂದೆ ಮಕ್ಕಳ ಜೊತೆ ಕೂತಿದ್ದಾಳೆಂದು ಶಿವವ್ವ ಅಂದುಕೊಂಡಿದ್ದಳು. ಹಿಂದೆ ಅಮ್ಮನ ಹತ್ತಿರ ಇದ್ದಾಳೆಂದು ಮುಂದಿನವರು ಅಂದುಕೊಂಡಿದ್ದರು. ಛತ್ರಕ್ಕೆ ಇನ್ನೊಂದು ಮೈಲಿ ಇದೆ ಎನ್ನುವಾಗ ಶಿವವ್ವ ಎದ್ದು, ಸೀಟು ಸೀಟು ಹಿಡಿದುಕೊಂಡು ಮುಂದಿನವರೆಗೂ ನೋಡುತ್ತ ಬಂದಳು. ಆಮೇಲೆ ಅವಳು ಕಿರುಚಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ನಿಲ್ಲಿಸ್ರೀ! ನನ್ನ ಕೂಸು ಅಲ್ಲೇ ಉಳದೈತ್ರಿ! ಬಸ್ ತಿರುಗಿಸ್ರೀ!"

ಮುತ್ತುರಾಜ ಬ್ರೇಕ್ ಹಾಕಿದ. ಶಾಮಣ್ಣನವರು ಕೈಗಡಿಯಾರ ನೋಡಿಕೊಂಡರು. ಹೌದು, ಮೊದಲು ಗಡಿಯಾರವನ್ನೇ ನೋಡಿದರು.

"ಈಗ ತಿರುಗಿಸಿದ್ರೆ ಬೋಟು ಹೋಗ್ಬಿಡುತ್ತಮ್ಮ. ಇಷ್ಟು ಜನ ಆಸೆಯಿಂದ ಬಂದಿದಾರೆ. ಅಲ್ಲಿ ಬೆಸ್ತರು ಇದಾರೆ, ಏನೂ ಆಗಲ್ಲ. ನೀನು ಇಳಿದು ಯಾವುದಾದ್ರೂ ಗಾಡಿ ಹಿಡ್ಕೊಂಡು ಹೋಗ್ಬಿಡು."

"ನೀರ ಐತ್ರಿ ಅಲ್ಲಿ! ಎಣಿಸಿದ್ರಲ್ರಿ ನೀವು! ಎಣಿಸಿದಾಗ ನೋಡ್ಲಿಲ್ಲೇನ್ರಿ?"

"ನೋಡಮ್ಮ, ನನ್ನ ಲಿಸ್ಟ್‌ನಲ್ಲಿ ಇರೋರನ್ನ ನಾನು ಎಣಿಸ್ತೀನಿ. ನಲವತ್ತಾರು ಸರಿ ಇದೆ. ಲಿಸ್ಟ್‌ನಲ್ಲಿ ಇಲ್ಲದೋರನ್ನ ಎಲ್ಲಿಂದ ಎಣಿಸಲಿ?"

ಶಿವವ್ವ ನಮ್ಮ ಕಡೆ ತಿರುಗಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳ ಕೈಯಡುಗೆ ತಿಂದು ಡರ್ರೆಂದು ತೇಗಿದ್ದ ನಲವತ್ತಾರು ಜನ ತುಟಿ ಪಿಟಕ್ಕೆನ್ನಲಿಲ್ಲ. ಯಾರೋ ಮಗುವಿಗೆ ಬಿಸ್ಕತ್ತು ತಿನ್ನಿಸತೊಡಗಿದರು. ನಾನು ಏಳಬೇಕೆಂದುಕೊಂಡೆ. ಸೇತುರಾಮ ನನ್ನ ಕೈ ಹಿಡಿದು, "ಸುಮ್ನಿರೇ" ಎಂದರು. ಸುಮ್ಮನಿದ್ದೆ. ಎಷ್ಟೋ ವರ್ಷ ಇವರು ಕೈ ಹಿಡಿದರು ಎಂದೇ ಹೇಳಿಕೊಂಡು ತಿರುಗಿದೆ. ಥೂ, ಕೈ ಹಿಡಿದರೆ ಬಾಯಿ ಮುಚ್ಚಿಹೋಗುತ್ತದೆಯೇ?

ಶಿವವ್ವ ಇಳಿದು ಓಡಿದಳು. ಸ್ವಲ್ಪ ದೂರ ಓಡಿ, ಸ್ವಲ್ಪ ದೂರ ಐಸ್ ಸಾಗಿಸುವ ಟೆಂಪೋದಲ್ಲಿ, ಕೊನೆಯ ಮೂರು ಮೈಲಿ ಮತ್ತೆ ಓಡಿ ಬೆಂಗ್ರೆಯ ತುದಿ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಉಮಾಶ್ರೀ ಬಸ್ಸು ನಿಂತಿದ್ದ ಜಾಗದಲ್ಲೇ, ಚಕ್ರದ ಗುರುತಿನ ನಡುವೆ, ಲೋಟ ಹಿಡಿದುಕೊಂಡು ನಿಂತಿದ್ದಳಂತೆ. ನೀರು ಏರಿ ಅವಳ ಪಾದ ತೋಯುತ್ತಿತ್ತು. ಒಬ್ಬ ಮೀನುಗಾರ್ತಿ ಎಷ್ಟು ಕರೆದರೂ ಮನೆಗೆ ಹೋಗಲಿಲ್ಲವಂತೆ. ತಾನು ಆ ಜಾಗ ಬಿಟ್ಟರೆ ಬಸ್ಸು ತಿರುಗಿ ಬಂದಾಗ ಕಾಣುವುದಿಲ್ಲ ಎಂದು ಹೆದರಿ, ಮೂರು ಗಂಟೆ ಹೊತ್ತು ಒಂದೇ ಕಡೆ ನಿಂತಿತ್ತು ಆ ಕೂಸು. ಫ್ರಾಕು ಒದ್ದೆ ಮಾಡಿಕೊಂಡಿತ್ತು. ಅಮ್ಮನನ್ನು ಕಂಡು ಅಳಲಿಲ್ಲ. "ಬಸ್ ಎಲ್ಲೈತವ್ವಾ?" ಎಂದು ಕೇಳಿತಂತೆ.

ನಾವು ಆ ಹೊತ್ತಿನಲ್ಲಿ ಬೋಟಿನಲ್ಲಿದ್ದೆವು. ಸೂರ್ಯಾಸ್ತ ಚೆನ್ನಾಗಿತ್ತು ಎಂದು ಎಲ್ಲರೂ ಅಂದರು.

ಅವತ್ತು ಕತ್ತಲಾದ ಮೇಲೆ ತಾಯಿ ಮಗಳು ಛತ್ರಕ್ಕೆ ಬಂದಾಗ ಶಾಮಣ್ಣನವರು, "ಸಿಕ್ತಲ್ಲ ಮಗು, ಇನ್ನೇನು. ಅಳಬೇಡ ಪುಟ್ಟಿ" ಎಂದು ಒಂದು ಹಿಡಿ ಪೆಪ್ಪರ್‌ಮೆಂಟು ಕೊಡಲು ಹೋದರು. ಅಳದೇ ನಿಂತಿದ್ದ ಮಗುವಿಗೆ ಅಳಬೇಡ ಎನ್ನುತ್ತಿದ್ದರು. ಶಿವವ್ವ ಅವರ ಮುಖವನ್ನೇ ನೋಡಿದಳು, ಸ್ಟವ್ ಹಚ್ಚಿ ರಾತ್ರಿಯ ಅಡುಗೆಗೆ ಕೂತಳು.

ಮುಂದೆ ಅವಳು ಕೆಲಸ ಬಿಡುತ್ತಾಳೆ ಎಂದುಕೊಂಡಿದ್ದೆ. ಬಿಡಲಿಲ್ಲ. ಮರುವರ್ಷವೂ ಅದೇ ಬಸ್ಸು, ಅದೇ ಕೊಳಗ, ಅದೇ ಶಿವವ್ವ. ಮಗಳು ಮಾತ್ರ ಬರಲಿಲ್ಲ. ಆ ಹುಡುಗಿ ಸಿಟಿ ಬಸ್ಸು ಹತ್ತಿದರೂ ಅಮ್ಮನ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕೂರುತ್ತಾಳೆ, ನೀರು ನಿಂತ ಕಡೆ ಕಾಲಿಡುವುದಿಲ್ಲ ಎಂದು ಗೊತ್ತಾಯಿತು. ನಾನು ಒಂದು ದಿನ ಮನಸ್ಸು ತಡೆಯದೆ ಬಿ.ಟಿ.ಎಂ.ನ ಅವಳ ಕೋಣೆಗೆ ಹೋಗಿ ಕೇಳಿಯೇಬಿಟ್ಟೆ.

"ಅಲ್ಲ ಶಿವವ್ವ, ಇಷ್ಟಾದ್ಮೇಲೂ ಆ ಮನುಷ್ಯನಿಗೆ ಅಡುಗೆ ಮಾಡಿ ಹಾಕ್ತಿದೀಯಲ್ಲ, ನಿನಗೆ ಮೈ ಉರಿಯಲ್ವಾ?"

ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಲಿಲ್ಲ.

"ಉರೀತೈತ್ರಿ ಅಕ್ಕಾರ. ಅದಕ್ಕಽ ಬಿಟ್ಟಿಲ್ಲ. ನನ್ನ ಮಗಳು ನಿಂತ ಜಾಗಾದಾಗ ಅವ ಒಂದ ಸಲ ನಿಲ್ಲಬೇಕು. ಬಸ್ಸು ಹೋಗೂದನ್ನ ನೋಡಬೇಕು. ಅದ ಬಸ್ಸು, ಅದ ಜಾಗಾ. ಕೆಲಸ ಬಿಟ್ರ ನನಗ ಅದು ಎಲ್ಲಿ ಸಿಗಬೇಕು?"

ಕೊಟ್ಟ ರೊಟ್ಟಿ ತಿಂದು ಬಂದೆ. ಆ ಮಾತನ್ನು ಸೇತುರಾಮರಿಗೂ ಹೇಳಲಿಲ್ಲ.

ವರ್ಷ ವರ್ಷ ಅವಳು ಕಾದಳು. ಮೊದಲ ಎರಡು ವರ್ಷ ಶಾಮಣ್ಣನವರ ಮುದಿ ತಾಯಿ ಜೊತೆಗೆ ಬಂದರು, ಆಗಲಿಲ್ಲ. ಮುಂದಿನ ಮೂರು ವರ್ಷ ಶಾಮಣ್ಣನವರ ಮೊಮ್ಮಗಳು ಧೃತಿ ಅವರ ಕಂಕುಳಿನಿಂದ ಇಳಿಯಲೇ ಇಲ್ಲ. "ಕೂಸಿನ ಮುಂದ ಮಾಡೂ ಕೆಲಸ ಅಲ್ರಿ ಅದು" ಎಂದು ಆಮೇಲೆ ನನ್ನೊಡನೆ ಅಂದಳು. ಮಗುವನ್ನು ಬಿಟ್ಟು ಹೋದವರ ಮೇಲೆ ಸೇಡು ತೀರಿಸುವವಳಿಗೆ ಮಗುವನ್ನು ಹೆದರಿಸುವುದು ಬೇಕಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಶಾಮಣ್ಣನವರು ಒಬ್ಬರೇ ಬಂದರು.

ಅದೇ ಅಳಿವೆಯ ತುದಿ, ಅದೇ ಮಧ್ಯಾಹ್ನದ ಮೂರು ಗಂಟೆ. ನಾನು ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂತಿದ್ದೆ. ಶಾಮಣ್ಣನವರ ಬೆರಳು ನನ್ನ ತಲೆಯ ಮೇಲೆ ಹಾದುಹೋಯಿತು. "ನಲವತ್ತಾರು ತಲೆ, ಸರಿ ಇದೆ" ಎಂದು ಹಿಂದಿನಿಂದ ಇಳಿದರು. ಪಾತ್ರೆ ನೋಡಿದರು.

"ಎಲ್ಲಿ, ಹಿತ್ತಾಳೆ ಕೊಳಗ?"

"ಅಯ್ಯ, ಮರತೆ ನೋಡ್ರಿ. ಅಲ್ಲೇ ಹಿಂದ ಗಾಳಿಮರದ ಕೆಳಗ ಬೋರ್‌ವೆಲ್ ಕಟ್ಟಿ ಮ್ಯಾಲೆ ಡಬ್ಬ ಹಾಕಿದ್ದೆ. ತರ್ಲೇನ್ರಿ?"

"ನೀನು ನಿಧಾನಕ್ಕೆ ಹೋಗಿ ಬರೋ ಹೊತ್ತಿಗೆ ನಾಳೆ ಆಗುತ್ತೆ! ನಮ್ಮಪ್ಪನ ಕಾಲದ ಕೊಳಗ ಅದು, ಯಾರಾದ್ರೂ ಎತ್ಕೊಂಡು ಹೋದ್ರೆ?" ಎಂದು ಗೊಣಗುತ್ತ ಅವರೇ ತುದಿಯ ಗಾಳಿಮರಗಳ ಕಡೆ ಓಡಿದರು. ಮೊಬೈಲು ಅವರ ಕೈಚೀಲದಲ್ಲಿತ್ತು. ಕೈಚೀಲ ಸೀಟಿನ ಮೇಲಿತ್ತು.

ಶಿವವ್ವ ಅವರು ಮರೆಯಾಗುವವರೆಗೆ ನೋಡಿದಳು. ಆಮೇಲೆ ತನ್ನ ಸೌಟು ತೆಗೆದುಕೊಂಡು ಕೈ ಹೊರಗೆ ಚಾಚಿ ಬಸ್ಸಿನ ತಗಡಿಗೆ ಬಡಿದಳು. ಡಬ್, ಡಬ್.

ಮುತ್ತುರಾಜ ಗೇರ್ ಹಾಕಿದ. ಎಣಿಸುವವನನ್ನು ಎಣಿಸುವವರು ಯಾರಿದ್ದರು ಅಲ್ಲಿ? ಹೊರಟ ಮೇಲೆ ಶಾಮಣ್ಣನವರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚುವುದು ರೂಢಿ, ಯಾರೂ ತಿರುಗಿ ನೋಡಲಿಲ್ಲ. ನಾನು ನೋಡಿದೆ. ಹಿಂದಿನ ಗಾಜಿನಲ್ಲಿ ಶಾಮಣ್ಣನವರು ಕೊಳಗವನ್ನು ಸೊಂಟದ ಮೇಲಿಟ್ಟುಕೊಂಡು, ಪಂಚೆ ಎತ್ತಿ ಹಿಡಿದು, ಮರಳಿನಲ್ಲಿ ಓಡಿ ಬರುತ್ತಿದ್ದರು. ಬಾಯಿ ತೆರೆದಿತ್ತು. ಬಸ್ಸಿನೊಳಗೆ ಕ್ಯಾಸೆಟ್ಟಿನ ಹಾಡು ಜೋರಾಗಿತ್ತು. ಶಿವವ್ವ ನನ್ನ ಕಡೆ ನೋಡಿದಳು. ನಾನು ಮುಖ ಮುಂದಕ್ಕೆ ತಿರುಗಿಸಿ ನೆಟ್ಟಗೆ ಕೂತೆ. ಎಷ್ಟೋ ವರ್ಷದ ಮೇಲೆ ನನ್ನ ಹೊಟ್ಟೆ ತಣ್ಣಗಾಗಿತ್ತು.

ಛತ್ರಕ್ಕೆ ಒಂದು ಮೈಲಿ ಇರುವಾಗ ಜೆ.ಪಿ. ನಗರದ ಗಂಗಾಧರಯ್ಯನವರು, "ಶಾಮಣ್ಣ, ಬೋಟು ಎಷ್ಟೊತ್ತಿಗೆ?" ಎಂದು ಕೂಗಿದರು. ಉತ್ತರ ಬರಲಿಲ್ಲ. ಗುಲ್ಲೆದ್ದಿತು. ಮುತ್ತುರಾಜ ಬಸ್ಸು ನಿಲ್ಲಿಸಿದ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ. ಶಿವವ್ವ ಪಾತ್ರೆಗಳ ನಡುವಿನಿಂದ ಎದ್ದು ಮುಂದೆ ಬಂದಳು.

"ಸಾಹುಕಾರ್ರು ಬೆಂಗ್ರೆದಾಗ ಉಳದಾರ್ರಿ. ಬಸ್ ತಿರುಗಿಸೂಣೇನ್ರಿ? ನೀವು ಹೂಂ ಅಂದ್ರ ತಿರುಗಿಸೂಣು."

ಅವಳು ನಿಜವಾಗಿಯೇ ಕೇಳಿದಳು. ಒಬ್ಬರು ಹೂಂ ಎಂದಿದ್ದರೆ ತಿರುಗಿಸುತ್ತಿದ್ದಳು, ಅದು ನನಗೆ ಗೊತ್ತು.

"ಈಗ ವಾಪಸ್ ಹೋದ್ರೆ ಸನ್‌ಸೆಟ್ ಹೋಯ್ತು" ಎಂದಿತು ಒಂದು ದನಿ. "ದೊಡ್ಡ ಮನುಷ್ಯರು ಕಣ್ರೀ, ಯಾವುದಾದ್ರೂ ಗಾಡಿ ಹಿಡ್ಕೊಂಡು ಬರ್ತಾರೆ ಬಿಡಿ." "ಮಕ್ಕಳು ಸುಸ್ತಾಗಿದಾವೆ." ಗಂಗಾಧರಯ್ಯನವರು ಕೈಗಡಿಯಾರ ನೋಡಿಕೊಂಡರು. ನಾನು ಬೇಕೆಂದೇ ತುಟಿ ಹೊಲಿದುಕೊಂಡಿದ್ದೆ. ಉಳಿದವರದು ಬೇಕೆಂದಲ್ಲ, ಅಭ್ಯಾಸ. ಶಿವವ್ವ ಒಂದು ನಿಮಿಷ ಕಾದಳು, ತಲೆಯಾಡಿಸಿದಳು, ಹಿಂದಕ್ಕೆ ಹೋಗಿ ಕೂತಳು.

ರಾತ್ರಿ ಏಳೂವರೆಗೆ, ನಾವು ಬೋಟು ಮುಗಿಸಿ ಛತ್ರದಲ್ಲಿ ಎಲೆಯ ಮುಂದೆ ಕೂತಿರುವಾಗ, ಒಂದು ಮೀನಿನ ವ್ಯಾನು ಬಂದು ನಿಂತಿತು. ಶಾಮಣ್ಣನವರು ಇಳಿದರು. ಮೊಣಕಾಲವರೆಗೆ ಪಂಚೆ ಒದ್ದೆ, ತಲೆಗೂದಲಲ್ಲಿ ಮರಳು, ಮೈಯೆಲ್ಲ ಬಂಗುಡೆಯ ವಾಸನೆ. ಕೊಳಗವನ್ನು ಬಿಟ್ಟಿರಲಿಲ್ಲ.

"ಯಾರು ಬಸ್ಸು ತಟ್ಟಿದ್ದು? ಯಾವನವನು?"

"ನಾನಽರಿ" ಎಂದಳು ಶಿವವ್ವ, ಸಾರಿನ ಸೌಟು ಹಿಡಿದುಕೊಂಡೇ.

"ನಿನ್ನ... ನಾಳೆಯಿಂದ ನಿನಗೆ ಕೆಲಸ ಇಲ್ಲ! ನಾನು ಅಲ್ಲಿ ಕೂಗ್ತಾ ಓಡ್ತಾ ಇದೀನಿ, ನೀರು ಏರ್ತಾ ಇದೆ, ಒಂದು ನರಪಿಳ್ಳೆ ಇಲ್ಲ..."

"ನನಗ ಏನು ಬೇಕಾದ್ದು ಅನ್ರಿ. ಆದ್ರ ಒಂದು ಮಾತು ಕೇಳ್ರಿ. ದಾರ್ಯಾಗ ಗೊತ್ತಾತು ನೀವಿಲ್ಲಂತ. ಬಸ್ ನಿಲ್ಲಿಸಿ ಕೇಳಿದೆ, ತಿರುಗಿಸೂಣೇನ್ರಿ ಅಂತ. ಯಾರು ಹೂಂ ಅಂದ್ರು ಕೇಳ್ರಿ ಇವರನ್ನ. ನಿಮ್ಮ ಫ್ಯಾಮಿಲಿನಽ ಐತಲ್ಲ ಇಲ್ಲಿ, ನಲವತ್ತಾರು ಮಂದಿ."

ಶಾಮಣ್ಣನವರು ನಮ್ಮ ಕಡೆ ತಿರುಗಿದರು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಎಲ್ಲರೂ ಎಲೆ ನೋಡಿಕೊಂಡು ಅನ್ನ ಕಲಸುತ್ತಿದ್ದರು. ಕೊನೆಗೆ ಅವರ ಕಣ್ಣು ನನ್ನ ಮೇಲೆ ನಿಂತಿತು.

"ಯಾರೂ ಅನ್ಲಿಲ್ಲ ಶಾಮಣ್ಣ" ಎಂದೆ. "ನಾನೂ ಅನ್ಲಿಲ್ಲ. ಉಮಾಶ್ರೀ ಉಳಿದಾಗ್ಲೂ ಅಂದಿರ್ಲಿಲ್ಲ."

ಮೀನಿನ ವ್ಯಾನಿನಲ್ಲಿ ಬಂದಾಗ ಇಲ್ಲದ ಸೋಲು ಆಗ ಅವರ ಮುಖಕ್ಕೆ ಬಂತು. ಕೊಳಗವನ್ನು ಕೆಳಗಿಟ್ಟು, ಕೈಕಾಲು ತೊಳೆಯದೆ, ಗೋಡೆಗೆ ಒರಗಿ ಕೂತುಬಿಟ್ಟರು. ಶಿವವ್ವ ಅವರ ಮುಂದೆ ಎಲೆ ಹಾಕಿ ಬಡಿಸಿದಳು. ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಹೊರಡಬೇಕು. ಶಾಮಣ್ಣನವರು ಎಂದಿನಂತೆ ಎಣಿಸುತ್ತ ಬಂದರು, ದನಿ ಏಳುತ್ತಿರಲಿಲ್ಲ. ನಲವತ್ತಾರಕ್ಕೆ ನಿಲ್ಲಲಿಲ್ಲ. ಪಾತ್ರೆಗಳ ಹತ್ತಿರ ಬಂದು, ಶಿವವ್ವನ ತಲೆಯ ಕಡೆ ಬೆರಳು ತೋರಿಸಿ, "ನಲವತ್ತೇಳು" ಎಂದರು.

ಶಿವವ್ವ ಎದ್ದು ನಿಂತಳು. ತನ್ನ ಬಟ್ಟೆಯ ಚೀಲ, ರೊಟ್ಟಿಯ ಬುತ್ತಿ ಎತ್ತಿಕೊಂಡಳು. ಸೌಟೂ ಅವಳದೇ, ಅದನ್ನೂ ತೆಗೆದುಕೊಂಡಳು.

"ಆರು ವರ್ಷ ತಡ ಆತ್ರಿ. ನಲವತ್ತಾರಽ ಸರಿ ಐತಿ" ಎಂದು ಹಿಂದಿನ ಬಾಗಿಲಿನಿಂದ ಇಳಿದುಬಿಟ್ಟಳು.

ನಾನು ಎದ್ದೆ. ಸೇತುರಾಮ ಕೈ ಹಿಡಿದರು. "ಸುಮ್ನಿರೇ, ಯಾಕೆ ಬೇಕು ನಮಗೆ." ಈ ಸಲ ಕೈ ಬಿಡಿಸಿಕೊಂಡೆ. ನಾನು ಇಳಿದು ನೆಲಕ್ಕೆ ಕಾಲಿಡುವುದಕ್ಕೂ ಶಿವವ್ವ ಸೌಟಿನಿಂದ ತಗಡಿಗೆ ಎರಡು ಸಲ ಬಡಿಯುವುದಕ್ಕೂ ಸರಿಹೋಯಿತು. ಬಸ್ಸು ಹೊರಟಿತು.

ನಲವತ್ತೈದು ತಲೆ. ಬೆಂಗಳೂರಿನವರೆಗೆ ಅಡುಗೆಯವಳಿಲ್ಲ, ಊಟವಿಲ್ಲ. ಸೇತುರಾಮ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿದ್ದರು. ನಿಲ್ಲಿಸಿ ಎಂದು ಕೂಗಿದೆ ಎಂದು ಅವರು ಇವತ್ತಿಗೂ ಆಣೆ ಮಾಡುತ್ತಾರೆ. ಬಸ್ಸಂತೂ ನಿಲ್ಲಲಿಲ್ಲ. ತಿರುವಿನಲ್ಲಿ ಮರೆಯಾಯಿತು, ತಿರುಗಿಯೂ ಬರಲಿಲ್ಲ.

ಶಿವವ್ವ ರಸ್ತೆಯ ನಡುವೆ ನಿಂತು ನಗತೊಡಗಿದಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ನಗುತ್ತ ಅವಳ ಪಕ್ಕಕ್ಕೆ ಹೋಗಿ ನಿಂತೆ. ದೊಡ್ಡ ಕೆಲಸ ಮಾಡಿದೆ ಎಂಬ ಜಂಬ ನನ್ನ ಮುಖದಲ್ಲಿ ಇದ್ದಿರಬೇಕು. ಅವಳ ನಗು ನಿಂತಿತು.

"ನೀವ್ಯಾಕ ಇಳದ್ರಿ ಅಕ್ಕಾರ?"

"ನಿನ್ನ ಜೊತೆಗೆ ಇರೋಣ ಅಂತ."

"ಅವತ್ತ ಇಳೀಬೇಕಿತ್ರಿ" ಎಂದಳು.

ಚೀಲವನ್ನು ನನ್ನ ಕೈಗೆ ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಅದನ್ನು ಹೊತ್ತುಕೊಂಡು ಅವಳ ಹಿಂದೆ ಹೋದೆ.